ನಡುಮನೆಯ ಕೆಂಪು ದುಂಡು

ಚನ್ನಮಲ್ಲಮ್ಮನಿಗೆ ಹೊಸ ಮನೆ ಒಗ್ಗಲಿಲ್ಲ. ಒಗ್ಗಲಿಲ್ಲ ಅಂತ ಬಾಯಿಬಿಟ್ಟು ಹೇಳುವ ಹಾಗೂ ಇರಲಿಲ್ಲ. ಮಗ ಮಹದೇವಪ್ರಸಾದ್ ಕೋಸು, ಚೆಂಡು ಹೂವು ಬೆಳೆದು, ತಾಳವಾಡಿ ಪೇಟೆಗೂ ಸತ್ಯಮಂಗಲದ ಹೂವಿನ ಮಂಡಿಗೂ ಓಡಾಡಿ, ಆಸೆಪಟ್ಟು ಕಟ್ಟಿಸಿದ ತಾರಸಿ ಮನೆ ಅದು. ಹಳೆಯ ಹೆಂಚಿನ ಮನೆಯ ಪಕ್ಕದಲ್ಲೇ ಎದ್ದು ನಿಂತಿತ್ತು. ಗೋಡೆಗಳಿಗೆಲ್ಲ ಬಿಳಿ ಬಣ್ಣ, ನೆಲಕ್ಕೆ ಬಿಳಿ ಟೈಲ್ಸು, ಕಿಟಕಿಗಳಿಗೆ ದೊಡ್ಡ ದೊಡ್ಡ ಗಾಜು. ಬಂದವರೆಲ್ಲ “ಆಲು ಚೆಲ್ದಂಗದ ಕಣವ್ವ” ಅಂತ ಹೊಗಳುತ್ತಿದ್ದರು. ಚನ್ನಮಲ್ಲಮ್ಮನಿಗೂ ಅದು ಹಾಲು ಚೆಲ್ಲಿದಂತೆಯೇ ಕಾಣುತ್ತಿತ್ತು. ನೆಲ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಅನ್ನುವುದೇ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮೊದಮೊದಲು ದೂರದ ಬೆಟ್ಟಸಾಲು ಕರಗಿತು. ಆಮೇಲೆ ಬಸ್ಸಿನ ಬೋರ್ಡು ಹೋಯಿತು, ಆಮೇಲೆ ಅಕ್ಕಿಯೊಳಗಿನ ಕಲ್ಲು, ಕೊನೆಗೆ ಜನರ ಮುಖ. ಹೋಗುವುದೆಲ್ಲ ಸದ್ದಿಲ್ಲದೆ ಹೋಯಿತು. ಇವತ್ತು ಹೋಯಿತು ಅಂತ ಬೆರಳಿಟ್ಟು ತೋರಿಸುವ ದಿನವೇ ಇರಲಿಲ್ಲ. ಹಳೆಯ ಮನೆಯಲ್ಲಿ ಇದೊಂದು ಕಷ್ಟವಾಗಿರಲಿಲ್ಲ. ಹದಿನೇಳಕ್ಕೆ ಸೊಸೆಯಾಗಿ ಬಂದವಳು ಆ ಮನೆಯ ಹೊಸ್ತಿಲುಗಳನ್ನು ಕಾಲಿನಿಂದಲೇ ಬಲ್ಲಳು. ಒಲೆಯ ಮುಂದಿನ ನೆಲ ಬೆಚ್ಚಗೆ, ನೀರಿನ ಹಂಡೆಯ ಬಳಿ ತಣ್ಣಗೆ, ರಾಗಿ ತುಂಬಿದ ಕೋಣೆಯ ಕಡೆಯಿಂದ ಒಂದು ಒಣ ವಾಸನೆ. ಕಣ್ಣಿನ ಅಗತ್ಯವೇ ಬೀಳುತ್ತಿರಲಿಲ್ಲ. ಸಾರಿನ ಹದ ಮೂಗಿಗೆ ತಿಳಿಯುತ್ತಿತ್ತು, ಹಸುವಿನ ಮನಸ್ಸು ಕೈಗೆ ತಿಳಿಯುತ್ತಿತ್ತು. ಹಾಗಾಗಿ ಗಂಡ ಬಸವಯ್ಯನಿಗೆ ಕೂಡ ಗುಟ್ಟು ಸಿಕ್ಕಿರಲಿಲ್ಲ.

ಹೇಳದೆ ಇದ್ದುದಕ್ಕೆ ಕಾರಣವಿತ್ತು. ಅವಳ ತವರು ತಾಳಮಲೆಯ ಕಡೆಯ ಇಳಿಜಾರಿನಲ್ಲಿದ್ದ ನಾಲ್ಕಾರು ಮನೆಯ ಊರು. ಅವಳ ಅವ್ವನಿಗೂ ಹೀಗೆಯೇ ಕಣ್ಣು ಮಂಜಾಯಿತು. ಆ ಕಾಲಕ್ಕೆ ಬೆಟ್ಟ ಇಳಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಯಾರು? ಯಾವುದೋ ಸೊಪ್ಪಿನ ರಸ ಬಿಟ್ಟರು, ಅಷ್ಟೆ. ಆಮೇಲೆ ಅವ್ವ ಜಗಲಿಯ ಮೂಲೆಗೆ ಸೇರಿದಳು. ಮುದ್ದೆಯನ್ನು ಕೈಗೇ ಕೊಡಬೇಕಿತ್ತು. ಹುಡುಗಿಯಾಗಿದ್ದ ಚನ್ನಮಲ್ಲಮ್ಮ ಕೋಲು ಹಿಡಿದು ಮುಂದೆ, ಅವ್ವ ಆ ಕೋಲಿನ ತುದಿ ಹಿಡಿದು ಹಿಂದೆ. ಜನ ಅವ್ವನ ಎದುರಿಗೇ ಅವ್ವನ ವಿಷಯ ಮಾತಾಡುತ್ತಿದ್ದರು, ಕಣ್ಣು ಹೋದ ಮೇಲೆ ಕಿವಿಯೂ ಹೋಯಿತೇನೋ ಅನ್ನುವ ಹಾಗೆ. ಆ ಮೂಲೆಗೆ ತಾನು ಸೇರಬಾರದು ಅಂತ ಚನ್ನಮಲ್ಲಮ್ಮ ತೀರ್ಮಾನಿಸಿದ್ದಳು. ಹೇಳದೆ ಇದ್ದರೆ ಸೇರಿಸುವವರು ಯಾರು?

ಹೊಸ ಮನೆ ಮಾತ್ರ ಅವಳ ಲೆಕ್ಕವನ್ನೆಲ್ಲ ಕೆಡಿಸಿತು. ಅದಕ್ಕೆ ವಾಸನೆಯಿರಲಿಲ್ಲ, ತಗ್ಗು ಉಬ್ಬು ಇರಲಿಲ್ಲ. ನಡುಮನೆಯೊಂದು ದೊಡ್ಡ ಬೆಳ್ಳನೆಯ ಬಯಲು. ಅದರ ಆ ಕೊನೆಯ ಗೋಡೆಯಲ್ಲಿ ಎರಡು ಬಾಗಿಲು. ಎಡಗಡೆಯದು ಅವಳ ಕೋಣೆಗೆ. ಬಲಗಡೆಯದು ಹಿತ್ತಲಿಗೆ, ಅಲ್ಲಿ ಬಾಗಿಲು ದಾಟಿದ ಕೂಡಲೇ ಮೆಟ್ಟಿಲು. ಎರಡು ಬಾಗಿಲಿಗೂ ಅಡ್ಡಲಾಗಿ ಬಿಳಿಯ ಪರದೆ ಬೇರೆ. ಚನ್ನಮಲ್ಲಮ್ಮ ಗೋಡೆ ಸವರಿಕೊಂಡು ಓಡಾಡಿದಳು. ಯಾರಾದರೂ ನೋಡಿದರೆ “ಎಷ್ಟು ನುಣ್ಣಗದ ನೋಡು” ಅಂತ ಗೋಡೆಯನ್ನು ಹೊಗಳುತ್ತಿದ್ದಳು.

ಆಗ ಪಟಗಳು ಬಂದವು.

ತರಿಸಿದವಳು ಸೊಸೆ ಶ್ವೇತ. ಕೊಳ್ಳೇಗಾಲದ ಹುಡುಗಿ, ತಾಳವಾಡಿಯ ಒಂದು ಸ್ಕೂಲಿನಲ್ಲಿ ಟೀಚರು. ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಮಾತು ಕಡಿಮೆ. ಅತ್ತೆಗೆ ಅವಳು ಗೊತ್ತಿದ್ದುದು ಕೈಬಳೆಯ ಸದ್ದು, ಸೋಪಿನ ವಾಸನೆ, ಬೇಗಬೇಗ ಇಡುವ ಹೆಜ್ಜೆ, ಇಷ್ಟರಿಂದಲೇ. ಹೊಸ ಮನೆಗೆ ಅಂತ ತನ್ನ ಸಂಬಳದಲ್ಲಿ ಮೊಬೈಲಿನಲ್ಲಿ ಆರಿಸಿ ತರಿಸಿದ್ದಳು. ಪ್ರಸಾದ್ ಪೇಟೆಯಿಂದ ರಟ್ಟಿನ ದೊಡ್ಡ ಡಬ್ಬವನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದ. ಬಿಚ್ಚಿದರೆ ಕಪ್ಪು ಮರದ ತೆಳ್ಳನೆಯ ಕಟ್ಟು ಹಾಕಿದ ಮೂರು ಪಟ.

ಬಸವಯ್ಯ ಕನ್ನಡಕ ಏರಿಸಿಕೊಂಡು ಬಂದು ನೋಡಿದ. ಒಂದನ್ನು ಹಿಡಿದು ತಿರುಗಿಸಿದ, ಮತ್ತೆ ತಿರುಗಿಸಿದ.

“ಇದ್ಯಾವ ದ್ಯಾವ್ರವ್ವ?”

“ದೇವ್ರಲ್ಲ ಮಾವ, ಬರೀ ಚಿತ್ರ. ನೂರು ವರ್ಷದ ಹಿಂದೆ ಬೇರೆ ದೇಶದಲ್ಲಿ ಯಾರೋ ಬರೆದದ್ದು. ಇದು ಅದ್ರ ಅಚ್ಚು.”

“ಬರ್ದಿರದೇನ?”

“ಏನೂ ಇಲ್ಲ. ದುಂಡು, ಚೌಕ, ಗೆರೆ. ಅಷ್ಟೇಯ.”

“ಅಷ್ಟೇಯಾ?” ಅಂದ ಬಸವಯ್ಯ. ಸೊಸೆಯ ಮೇಲೆ ಅವನಿಗೆ ಮರ್ಯಾದೆ ಇತ್ತು. ಆದರೂ ಕೊಟ್ಟಿಗೆಯ ಕಡೆ ಹೋಗುವಾಗ ಅವನು ತನ್ನೊಳಗೇ “ದುಂಡಂತ, ಗೆರೆಯಂತ” ಅಂದುಕೊಂಡದ್ದು ಎಲ್ಲರಿಗೂ ಕೇಳಿಸಿತು.

ಪ್ರಸಾದ್ ಮೊಳೆ ಹೊಡೆದು ಪಟಗಳನ್ನು ತೂಗುಹಾಕಿದ. ದೊಡ್ಡದನ್ನು ಕೊನೆಯ ಗೋಡೆಯ ಎರಡು ಬಾಗಿಲ ನಡುವೆ, ಇನ್ನೆರಡನ್ನು ಊಟದ ಮೇಜಿನ ಹತ್ತಿರ. ಚನ್ನಮಲ್ಲಮ್ಮ ಅಡುಗೆಮನೆಯಿಂದ ಹೊರಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

ಆ ಬಿಳಿಯ ಬಯಲಿನ ಕೊನೆಯಲ್ಲಿ ಒಂದು ಕೆಂಪು ದುಂಡು ಎದ್ದಿತ್ತು.

ಎಷ್ಟೋ ದಿನದಿಂದ ಅವಳ ಕಣ್ಣಿಗೆ ಯಾವುದೂ ಹೀಗೆ ತಾನಾಗಿ ಬಂದು ನಿಂತಿರಲಿಲ್ಲ. ಎಲ್ಲವನ್ನೂ ಅವಳೇ ಹುಡುಕಿಕೊಂಡು ಹೋಗಬೇಕಿತ್ತು. ಇದು ಹಾಗಲ್ಲ, ನಾನಿಲ್ಲಿದ್ದೇನೆ ಅಂತ ಕೂಗುತ್ತಿತ್ತು. ದುಂಡಿನ ಸುತ್ತ ತೆಳ್ಳಗೆ ಒಂದು ಬೆಳಕಿನ ಹೊಗೆ. ಅದರ ಕೆಳಗೆ ಓರೆಯಾಗಿ ಒಂದು ಕಪ್ಪು ಪಟ್ಟಿ, ಮಲಗಿದ ಹಸುವಿನ ಬೆನ್ನಿನ ಹಾಗೆ.

“ಯಂಗದ ಅತ್ತೆ?” ಅಂತ ಶ್ವೇತ ಅಂಜುತ್ತಲೇ ಕೇಳಿದಳು.

“ಚಂದಾಗದ ಕೂಸು. ಎರಡೂ ಚಂದಾಗವ.”

“ಎರಡಲ್ಲ ಅತ್ತೆ, ಮೂರು.”

ಚನ್ನಮಲ್ಲಮ್ಮ ತಡವರಿಸಿದಳು. ಊಟದ ಮೇಜಿನ ಹತ್ತಿರ ಅವಳಿಗೆ ಕಂಡದ್ದು ನೀಲಿ ಹಳದಿ ಚೌಕಗಳ ಪಟ ಒಂದೇ. ಮೂರನೆಯದು ಬರೀ ಕೂದಲೆಳೆಯಂಥ ಗೆರೆಗಳ ಪಟ. ಅದು ಅವಳ ಪಾಲಿಗೆ ಗೋಡೆಯೇ ಆಗಿತ್ತು. “ಊ, ಮೂರೂವೆ” ಅಂದು ಒಳಗೆ ಹೋದಳು. ಮೂರನೆಯದು ಅತ್ತೆಗೆ ಹಿಡಿಸಲಿಲ್ಲ ಅಂತ ಶ್ವೇತ ತಿಳಿದುಕೊಂಡಳು.

ಅವತ್ತಿನಿಂದ ಹೊಸ ಮನೆಗೊಂದು ದಿಕ್ಕು ಬಂತು. ದುಂಡು ಬಲಗೈ ಕಡೆ ಬರುವ ಹಾಗೆ ನಡೆದರೆ ಅವಳ ಕೋಣೆ. ಎಡಗೈ ಕಡೆ ಬರುವ ಹಾಗೆ ನಡೆದರೆ ಹಿತ್ತಲು. ಗೋಡೆ ಸವರುವ ಕೆಲಸ ನಿಂತಿತು. ಕೈಯಲ್ಲಿ ಚೊಂಬು ಹಿಡಿದು ನಡುಮನೆಯ ಮಧ್ಯದಲ್ಲೇ ನೆಟ್ಟಗೆ ನಡೆದಳು. “ಅವ್ವಂಗ ಮನ ಒಗ್ಗೋಯ್ತು” ಅಂತ ಪ್ರಸಾದ್ ಹಿಗ್ಗಿದ.

ದಾರಿಗಾಗಿ ನೋಡತೊಡಗಿದ ಪಟ ಬರಬರುತ್ತ ನೋಟಕ್ಕಾಗಿಯೇ ಬೇಕಾಯಿತು. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಅವಳು ದುಂಡಿನ ಎದುರು ಚಾಪೆ ಹಾಕಿಕೊಂಡು ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದಳು. ಕಿಟಕಿಯ ಬೆಳಕು ಸರಿದಂತೆ ದುಂಡೂ ಬದಲಾಗುತ್ತಿತ್ತು. ಒಮ್ಮೆ ಕೆಂಡ, ಒಮ್ಮೆ ಕಳಿತ ಟೊಮೇಟೊ, ಮೋಡ ಮುಚ್ಚಿದಾಗ ಹಳೆಯ ಸೀರೆಯ ಕೆಂಪು. ನೋಡುತ್ತ ನೋಡುತ್ತ ಅದು ಗೋಡೆ ಬಿಟ್ಟು ಒಂದಿಷ್ಟು ಮುಂದೆ ಬರುತ್ತಿತ್ತು, ಉಸಿರಾಡುತ್ತಿತ್ತು. ಅದರ ಹಿಂದೆ ಯಾರೋ ನಡೆದಾಡಿದಂತೆ. ಒಂದು ಮಧ್ಯಾಹ್ನ ಅವಳ ಅವ್ವನೇ ಬಂದು ಆ ಕಪ್ಪು ಪಟ್ಟಿಯ ಮೇಲೆ ಕೂತಳು. ಕೋಲಿರಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಕಾಲು ಇಳಿಬಿಟ್ಟು, ವಯಸ್ಸಿನ ಹುಡುಗಿಯ ಹಾಗೆ ಕೂತಿದ್ದಳು. ಚನ್ನಮಲ್ಲಮ್ಮ ಬೆರಗಾಗಲಿಲ್ಲ. “ಅವರಕಾಯಿ ಎಳೇವು ಕಣವ್ವ, ಸಾರಿಗಾಗವು, ಉಪ್ಸಾರೇ ಮಾಡ್ಬೇಕು” ಅಂದಳು. ಅವ್ವ ತಲೆಯಾಡಿಸಿದಳು. ಕಣ್ಣು ಹತ್ತಿತ್ತೋ ಎಚ್ಚರವಿತ್ತೋ ಅವಳಿಗೇ ಗೊತ್ತಿಲ್ಲ. ಕೈ ಮಾತ್ರ ಸುಲಿಯುತ್ತಲೇ ಇತ್ತು. ಎದ್ದು ನೋಡಿದರೆ ಮೊರ ತುಂಬಿತ್ತು.

ಚೌಕಗಳ ಪಟ ಇನ್ನೊಂದು ಬಗೆ. ಅದರೆದುರು ನಿಂತರೆ ಅವಳು ಎತ್ತರದಲ್ಲಿರುತ್ತಿದ್ದಳು. ಎಲ್ಲೋ ಬಂಡೆಯ ತುದಿಯಲ್ಲಿ ನಿಂತು ಕೆಳಗಿನ ಹೊಲಗಳನ್ನು ನೋಡಿದ ಹಾಗೆ: ಹಳದಿ ಎಂದರೆ ಚೆಂಡು ಹೂವಿನ ಹೊಲ, ನೀಲಿ ಎಂದರೆ ಕೋಸಿನ ಹೊಲ, ನಡುವಿನ ಬೂದಿ ಬಣ್ಣ ಉತ್ತು ಬಿಟ್ಟ ನೆಲ. ಆ ಹೊಲಗಳ ಮೇಲೆ ಮಂಜು ಹರಿದಾಡುತ್ತಿತ್ತು. ಮಂಜು ತನ್ನ ಕಣ್ಣಿನದು ಅಂತ ಅವಳಿಗೆ ಗೊತ್ತಿದ್ದೂ ಅದನ್ನು ಪಟಕ್ಕೇ ಬಿಟ್ಟುಕೊಟ್ಟಿದ್ದಳು.

ಹೀಗೆ ಮಳೆಗಾಲ ಕಳೆಯಿತು. ಕಣ್ಣು ಇನ್ನಷ್ಟು ಮಂಜಾಯಿತು. ದುಂಡು ಇನ್ನಷ್ಟು ದೊಡ್ಡದಾಯಿತು.

ಕಾರ್ತಿಕದಲ್ಲಿ ಮನೆದೇವರು ಮಾದಪ್ಪನ ಹೆಸರಿನಲ್ಲಿ ‘ಪರ’ ಮಾಡಬೇಕು ಅಂತ ಬಸವಯ್ಯ ಹೊರಟ. ನೆಂಟರಿಷ್ಟರನ್ನು ಕರೆದು ಪೂಜೆ ಮಾಡಿ ಊಟ ಹಾಕುವುದು. ಅದೇ ಹೊತ್ತಿಗೆ ಅವನ ಮನಸ್ಸಿನಲ್ಲಿದ್ದ ಮಾತೂ ಹೊರಗೆ ಬಂತು.

“ನೆಂಟರು ಬಂದು ನಿಂತ್ಕಂಡ್ರ ಎದುರ್ಗ ಮಾದಪ್ಪ ಕಾಣ್ಬೇಕಲ್ವವ್ವ? ಆ ದುಂಡ್ಗೇನಂತ ಕೈ ಮುಗ್ದಾರು?”

ಶ್ವೇತ ಮುಖ ಸಣ್ಣಗೆ ಮಾಡಿಕೊಂಡಳು. ಆದರೆ ಅವಳು ಹಟದ ಹುಡುಗಿಯಲ್ಲ. ತಾನೇ ಪೇಟೆಗೆ ಹೋಗಿ ಹುಲಿಯ ಮೇಲೆ ಕೂತ ಮಾದಪ್ಪನ ದೊಡ್ಡ ಪಟ ತಂದಳು. ಅತ್ತೆಗೂ ಇದು ಖುಷಿಯಾಗುತ್ತದೆ, ಹೇಳಲಾರದೆ ಸುಮ್ಮನಿದ್ದಾರೆ ಅನ್ನುವುದು ಅವಳ ಎಣಿಕೆ. ಪರದ ಹಿಂದಿನ ಸಂಜೆ ಚನ್ನಮಲ್ಲಮ್ಮ ಹಳೆಯ ಮನೆಯಲ್ಲಿ ಅಡುಗೆಯವರೊಂದಿಗೆ ಇದ್ದಾಗ, ಶ್ವೇತ ಎರಡು ಬಾಗಿಲ ನಡುವಿನ ಮೊಳೆಗೆ ಮಾದಪ್ಪನನ್ನು ಹಾಕಿ ಚೆಂಡು ಹೂವಿನ ಹಾರ ಇಳಿಬಿಟ್ಟಳು. ದುಂಡಿನ ಪಟವನ್ನು ಒಂದೇ ಬಾಗಿಲಿನಷ್ಟು ಸರಿಸಿ, ಹಿತ್ತಲ ಬಾಗಿಲಿನ ಆಚೆ ಪಕ್ಕಕ್ಕೆ ತೂಗುಹಾಕಿದಳು.

ಆ ರಾತ್ರಿ ಚನ್ನಮಲ್ಲಮ್ಮ ಹಳೆಯ ಮನೆಯಲ್ಲೇ ಮಲಗಿದಳು. ಮರುದಿನ ಬೆಳಿಗ್ಗೆ ಹೊಸ ಮನೆ ತುಂಬ ಜನ. ಬಸವಯ್ಯನ ಅಕ್ಕ ವಸಂತಮ್ಮ ಕೊಳ್ಳೇಗಾಲದಿಂದ ಬಂದಿದ್ದಳು. ಅವಳಿಗೆ ಕೊಡಬೇಕಾದ ಸೀರೆ ಚನ್ನಮಲ್ಲಮ್ಮನ ಕೋಣೆಯಲ್ಲಿತ್ತು. ಅದನ್ನು ತರಲು ಚನ್ನಮಲ್ಲಮ್ಮ ಸರಸರ ನಡೆದಳು. ದೂರದಲ್ಲಿ ದುಂಡು ಕಂಡಿತು. ಇವತ್ತು ಅದು ಒಂಚೂರು ಬಲಕ್ಕೆ ವಾಲಿದೆ ಅನ್ನಿಸಿತು. ಜನ ಹೆಚ್ಚಿದ್ದಾರೆ, ತಾನೇ ಓರೆಯಾಗಿ ನಿಂತಿರಬೇಕು ಅಂದುಕೊಂಡಳು. ಎಡಕ್ಕೆ ಹೂವು ಮುಡಿದ ಯಾರೋ ನೆಂಟಗಿತ್ತಿ ಗೋಡೆಗೆ ಒರಗಿ ನಿಂತಹಾಗಿತ್ತು. “ವಸಿ ಸರ್ಕೊಳವ್ವ” ಅಂತ ಮಾದಪ್ಪನಿಗೇ ಹೇಳಿ, ದುಂಡನ್ನು ಬಲಗೈ ಕಡೆ ಬಿಟ್ಟುಕೊಂಡು, ಪರದೆ ಸರಿಸಿ, ಎಂದಿನಂತೆ ಧೈರ್ಯವಾಗಿ ಹೆಜ್ಜೆ ಇಟ್ಟಳು.

ಕಾಲಿನ ಕೆಳಗೆ ನೆಲ ಇರಲಿಲ್ಲ.

ಹಿತ್ತಲ ಮೆಟ್ಟಿಲ ಬುಡದಲ್ಲಿ ಅವಳು ಮಗ್ಗುಲಾಗಿ ಬಿದ್ದಿದ್ದಳು. ಅಲ್ಲೇ ಪಾತ್ರೆ ತೊಳೆಯುತ್ತಿದ್ದ ಮಂಚಮ್ಮ, ಹೊಲದ ಕೆಲಸಕ್ಕೆ ಬರುವವಳು, ಕೂಗಿಕೊಂಡಳು. ಶ್ವೇತ ಎಲ್ಲರಿಗಿಂತ ಮೊದಲು ಓಡಿಬಂದಳು. ಕಾಲಿನ ಗಿಣ್ಣು ಆಗಲೇ ಊದುತ್ತಿತ್ತು. ಆದರೆ ಚನ್ನಮಲ್ಲಮ್ಮ ಕಾಲನ್ನು ಹಿಡಿದುಕೊಂಡಿರಲಿಲ್ಲ. ಅಳುತ್ತಿದ್ದಳು.

“ಆ ದುಂಡ್ನ ಯಾರವ್ವ ಎತ್ತಿ ಅತ್ಲಾಗಿಟ್ಟವ್ರು? ಅದು ನನ್ನ ಬಾಗ್ಲು ಕಣವ್ವ. ನನ್ನ ಬಾಗ್ಲ ಯಾಕ ಎತ್ತಿಟ್ರಿ?”

ಬಿದ್ದ ಭಯಕ್ಕೆ ಏನೇನೋ ಹೇಳುತ್ತಿದ್ದಾಳೆ ಅಂತ ಉಳಿದವರು ತಿಳಿದರು. ಶ್ವೇತ ಮಾತ್ರ ಅಲುಗಾಡದೆ ನಿಂತಳು. ಎರಡು ಪಟ, ಮೂರಲ್ಲ. ಗೋಡೆ ಸವರುವ ಕೈ. ಎದುರಿನವರು ಮಾತಾಡುವವರೆಗೆ ಯಾರನ್ನೂ ಹೆಸರು ಹಿಡಿದು ಕರೆಯದ ಅತ್ತೆ. ಎಲ್ಲವೂ ಅವಳಿಗೆ ಒಟ್ಟಿಗೇ ತಿಳಿಯಿತು. ಅತ್ತೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿರ ಬಗ್ಗಿದಳು.

“ಅತ್ತೆ, ನನ್ನ ಮುಖ ಕಾಣ್ತದಾ?”

ಚನ್ನಮಲ್ಲಮ್ಮನಿಗೆ ಇನ್ನು ಸುಳ್ಳು ಹೇಳುವ ಶಕ್ತಿ ಇರಲಿಲ್ಲ. “ನಿನ್ನ ಸದ್ದು ಕಾಣ್ತದ ಕೂಸು” ಅಂದಳು.

ಪರ ಮುಗಿಯಿತು, ನೆಂಟರು ಉಂಡು ಹೋದರು. ಸಂಜೆ ಬಸವಯ್ಯ ಹಳೆಯ ಮನೆಯ ಜಗಲಿಯ ಮೇಲೆ ಒಬ್ಬನೇ ಕೂತಿದ್ದ. ಒಂದೇ ಚಾಪೆಯಲ್ಲಿ ಮಲಗಿ ಎದ್ದ ಹೆಂಡತಿಗೆ ಕಣ್ಣು ಕಾಣುವುದಿಲ್ಲ ಅನ್ನುವುದು ತನಗೆ ಗೊತ್ತಾಗಲಿಲ್ಲವಲ್ಲ ಅನ್ನುವುದು ಅವನನ್ನು ಕೊರೆಯುತ್ತಿತ್ತು. ಕೊನೆಗೆ ಹೊಸ ಮನೆಗೆ ಬಂದು, ಕಾಲಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದವಳ ಪಕ್ಕದಲ್ಲಿ ಕೂತ.

“ನನ್ಗಾರ ಏಳ್ಬೌದಾಗಿತ್ತು.”

“ಏಳಿದ್ರ ಜಗ್ಲಿ ಮೂಲಗ ಸೇರಿಸ್ತಿದ್ರಿ.”

“ಯಾರು, ನಾನಾ?”

ಅವನು ಅವಳ ಕೈ ಹಿಡಿದುಕೊಂಡ. ಮಗ ಸೊಸೆ ಇರುವ ಮನೆಯಲ್ಲಿ ಅವನು ಹಾಗೆ ಕೈ ಹಿಡಿದು ಬಹಳ ಕಾಲವಾಗಿತ್ತು. ಆಮೇಲೆ ಎದ್ದು ಹೋಗಿ ಸುತ್ತಿಗೆ ಹುಡುಕಿದ. ಯಾರನ್ನೂ ಕೇಳದೆ ಇನ್ನೊಂದು ಮೊಳೆ ಹೊಡೆದು ಮಾದಪ್ಪನನ್ನು ಒಂದಿಷ್ಟು ಮೇಲಕ್ಕೆ ಏರಿಸಿ, ಅವನ ಕೆಳಗೆ, ಮೊದಲಿದ್ದ ಜಾಗಕ್ಕೇ, ಕೆಂಪು ದುಂಡನ್ನು ತಂದು ಹಾಕಿದ.

ಕಾಲು ಸರಿಹೋದ ಮೇಲೆ ಕೊಯಮತ್ತೂರಿನ ಕಣ್ಣಿನ ಆಸ್ಪತ್ರೆಗೆ ಹೊರಟರು. ಕಾರಿನಲ್ಲಿ ಅತ್ತೆ ಸೊಸೆ ಹಿಂದೆ, ಪ್ರಸಾದ್ ಮುಂದೆ. ಬಸವಯ್ಯ ಹಸುಗಳ ಜೊತೆ ಉಳಿದ. ಹಾಸನೂರು ದಾಟಿ ದಿಂಬಂ ತಿರುವುಗಳಲ್ಲಿ ಇಳಿಯುವಾಗ ಚನ್ನಮಲ್ಲಮ್ಮ ಶ್ವೇತಳ ಮೊಣಕೈಯನ್ನು ಬಿಡಲೇ ಇಲ್ಲ. ಕಾರು ಒಮ್ಮೆ ಬಿಸಿಲಿಗೆ, ಒಮ್ಮೆ ನೆರಳಿಗೆ ತಿರುಗುತ್ತಿತ್ತು. ಅವಳಿಗೆ ಕಂಡದ್ದು ಅಷ್ಟೇ, ಒಂದು ಹೊಳಪು, ಒಂದು ಕಪ್ಪು, ಮತ್ತೊಂದು ಹೊಳಪು.

“ನೋವಾಗದಾ ಕೂಸು?”

“ಇಲ್ಲ ಅತ್ತೆ. ಒಂದೊಂದೇ ಕಣ್ಣು ಮಾಡ್ತಾರಂತೆ. ಮೊದಲು ಬಲಗಣ್ಣು, ಒಂದ್ ತಿಂಗ್ಳಾದ ಮ್ಯಾಲೆ ಎಡದ್ದು.”

ನೋವಾಗಲಿಲ್ಲ. ಔಷಧಿ ಬಿಟ್ಟು ಮರಗಟ್ಟಿಸಿದ ಕಣ್ಣಿನೊಳಗೆ ಅವಳು ಬಣ್ಣಗಳನ್ನು ನೋಡಿದಳು. ನೇರಳೆಯ ಕೆರೆಯೊಂದು ಬಿಚ್ಚಿಕೊಂಡಿತು, ಅದರ ಮೇಲೆ ಬಂಗಾರದ ಕಡ್ಡಿಗಳು ತೇಲಿದವು, ಮೂರು ಬಿಳಿಯ ದೀಪ ಕರಗಿ ಒಂದಾದವು. ಮನೆಯ ಪಟಗಳೇ ತನ್ನನ್ನು ಹುಡುಕಿಕೊಂಡು ಬೆಟ್ಟ ಇಳಿದು ಬಂದವೇನೋ ಅನ್ನಿಸಿತು.

ಮರುದಿನ ಬೆಳಿಗ್ಗೆ ನರ್ಸಮ್ಮ ಪಟ್ಟಿ ಬಿಚ್ಚಿದಳು. “ಪಾಟ್ಟಿ, ಮೆದುವಾ ತೊರಂಗ” ಅಂತ ತಮಿಳಿನಲ್ಲಿ ಅಂದಳು. ಅಜ್ಜಿ ಮೆಲ್ಲಗೆ ಕಣ್ಣು ತೆರೆದಳು.

ಮೊದಲು ಕಂಡದ್ದು ನರ್ಸಮ್ಮನ ಅಂಗಿಯ ಗುಂಡಿ, ಅದರ ನಾಲ್ಕು ತೂತು, ತೂತಿನಲ್ಲಿ ದಾರ. ಆಮೇಲೆ ತನ್ನ ಕೈ. ಇಷ್ಟು ಸುಕ್ಕು ಯಾವಾಗ ಬಂದವು? ಆಮೇಲೆ ಬಾಗಿಲ ಹತ್ತಿರ ಒಬ್ಬಳು ಹುಡುಗಿ ನಿಂತಿದ್ದಳು. ಉದ್ದನೆಯ ಸಣಕಲು ಮುಖ, ಮುಂದೆ ಬಂದ ಹಲ್ಲು, ಎಡ ಹುಬ್ಬಿನ ಮೇಲೆ ಚಿಕ್ಕ ಗಾಯದ ಗುರುತು. ನಿದ್ದೆಯಿಲ್ಲದೆ ಕಣ್ಣ ಕೆಳಗೆ ಕಪ್ಪು. ಯಾರೋ ಬೇರೆ ರೋಗಿಯ ಕಡೆಯವಳು ಅಂದುಕೊಂಡು ಚನ್ನಮಲ್ಲಮ್ಮ ಸುತ್ತ ನೋಡಿದಳು.

“ಅತ್ತೆ?” ಅಂದಳು ಹುಡುಗಿ. ಬಳೆ ಸದ್ದಾಯಿತು.

ಎರಡು ವರ್ಷ ಒಂದೇ ಒಲೆಯ ಅನ್ನ ಉಂಡವಳು. ಮದುವೆಯ ದಿನ ದೀಪದ ಬೆಳಕಿನಲ್ಲಿ ಕಂಡದ್ದು ಒಂದು ಮಸುಕು ಹೊಳಪು ಮಾತ್ರ. ಆಮೇಲೆ ಆ ದನಿಗೆ ಚನ್ನಮಲ್ಲಮ್ಮ ತಾನೇ ಒಂದು ಮುಖ ಮಾಡಿಕೊಟ್ಟಿದ್ದಳು. ದುಂಡನೆಯ, ಬೆಳ್ಳನೆಯ, ಕೆನ್ನೆಗುಳಿಯ ಮುಖ. ಆ ಮುಖದವಳು ಯಾರೂ ಇರಲಿಲ್ಲ. ಇದ್ದವಳು ಇವಳು.

“ನೀನಾ ಸ್ವೇತ? ಬಾ ಇಲ್ಲಿ. ಅತ್ರ ಬಾ.”

ಶ್ವೇತ ಬಂದಳು. ಚನ್ನಮಲ್ಲಮ್ಮ ಆ ಗಾಯದ ಗುರುತಿನ ಮೇಲೆ ಬೆರಳಿಟ್ಟಳು.

“ಇದೇನು?”

“ಚಿಕ್ಕೋಳಿದ್ದಾಗ ಬಾವಿಕಟ್ಟೆ ಮೇಲೆ ಬಿದ್ದಿದ್ದೆ.”

“ನಂಗೊತ್ತೇ ಇರ್ನಿಲ್ವಲ್ಲ ಮಗ” ಅಂದಳು ಚನ್ನಮಲ್ಲಮ್ಮ. “ಏನೂ ಗೊತ್ತೇ ಇರ್ನಿಲ್ವಲ್ಲ.” ಅಳಬಾರದು ಅಂತ ನರ್ಸಮ್ಮ ಗದರಿದಳು, ಅತ್ತೆ ಸುಮ್ಮನಾದಳು, ಆದರೆ ಸೊಸೆಗೆ ಆ ಕಟ್ಟಳೆ ಇರಲಿಲ್ಲ.

ಮನೆಗೆ ಬಂದಾಗ ಎಲ್ಲವೂ ಚೂಪಾಗಿದ್ದವು. ಎಲೆಗಳಿಗೆಲ್ಲ ಅಂಚು ಬಂದಿತ್ತು. ಬಾಗಿಲಿಗೆ ಬಂದ ಬಸವಯ್ಯನನ್ನು ನೋಡಿ “ಇದ್ಯಾವಾಗ ಇಂಗ್ ಅಣ್ಣಾದ್ರಿ?” ಅಂದಳು. ಅವನು ಹಣ್ಣಾಗಿದ್ದ, ತಲೆಯಲ್ಲಿ ಒಂದೂ ಕಪ್ಪು ಕೂದಲಿರಲಿಲ್ಲ. ಅವನು ನಾಚಿ ತಲೆಗೆ ಟವೆಲ್ ಎಳೆದುಕೊಂಡ.

ಒಳಗೆ ಹೋಗಿ ದುಂಡಿನ ಎದುರು ನಿಂತಳು. ದುಂಡು ಚಿಕ್ಕದಾಗಿತ್ತು. ಅದರ ಸುತ್ತ ಹೊಗೆಯಿರಲಿಲ್ಲ. ಬಳೆ ಇಟ್ಟು ಗೀಚಿದಂಥ ಗಟ್ಟಿ ಅಂಚು. ಕೆಂಪೂ ಕೆಂಡದ ಕೆಂಪಲ್ಲ, ಇಟ್ಟಿಗೆ ಪುಡಿಯದು. ಚೌಕಗಳ ಪಟದಲ್ಲಿ ಹೊಲವೂ ಇರಲಿಲ್ಲ, ಮಂಜೂ ಇರಲಿಲ್ಲ. ನೀಲಿ ನೀಲಿಯಾಗಿತ್ತು, ಹಳದಿ ಹಳದಿಯಾಗಿತ್ತು. ಅದರ ಪಕ್ಕದಲ್ಲಿ ಮಾತ್ರ ಅವಳೆಂದೂ ಕಾಣದ ಇನ್ನೊಂದು ಪಟ. ಬಿಳಿಯ ಮೇಲೆ ಸಣ್ಣ ಸಣ್ಣ ಗೆರೆ, ಗೆರೆ ಕೂಡಿ ಮೂಲೆ, ಮೂಲೆ ಕೂಡಿ ಮತ್ತೆ ಗೆರೆ. ಜೇಡ ಯೋಚನೆ ಮಾಡಿ ನೇಯ್ದ ಹಾಗಿತ್ತು. ಅದನ್ನವಳು ಬಹಳ ಹೊತ್ತು ನೋಡಿದಳು. ಚೆಂದವಾಗಿತ್ತು. ಆದರೂ ಮನಸ್ಸು ದುಂಡಿನ ಕಡೆಗೇ ಹೋಗುತ್ತಿತ್ತು, ಊರು ಬಿಟ್ಟುಹೋದವರ ಮನೆಯ ಕಡೆ ಕಾಲು ತಾನಾಗಿ ತಿರುಗುವ ಹಾಗೆ.

ಆಮೇಲೆ ಅವಳು ಒಂದು ಉಪಾಯ ಕಂಡುಕೊಂಡಳು. ಎಡಗಣ್ಣಿನಲ್ಲಿ ಪೊರೆ ಇನ್ನೂ ಹಾಗೇ ಇತ್ತಲ್ಲ. ಅಂಗೈಯಿಂದ ಬಲಗಣ್ಣು ಮುಚ್ಚಿದರೆ ಸಾಕು, ದುಂಡು ಮತ್ತೆ ದೊಡ್ಡದಾಗಿ, ಹೊಗೆ ಹೊದ್ದು, ಗೋಡೆ ಬಿಟ್ಟು ಮುಂದೆ ಬರುತ್ತಿತ್ತು. ಕೈ ಬದಲಿಸಿದರೆ ಇಟ್ಟಿಗೆ ಬಣ್ಣದ ಚಿಕ್ಕ ದುಂಡು. ಮಧ್ಯಾಹ್ನಗಳನ್ನು ಅವಳು ಹೀಗೆ ಕಳೆದಳು, ಒಂದು ಮನೆಯಿಂದ ಇನ್ನೊಂದು ಮನೆಗೆ ಓಡಾಡಿದಂತೆ.

ಒಂದು ಭಾನುವಾರ ಶ್ವೇತ ಅವಳನ್ನು ಹಾಗೆ ಹಿಡಿದುಬಿಟ್ಟಳು. ಕೇಳಿದಾಗ ಚನ್ನಮಲ್ಲಮ್ಮ ಮುಚ್ಚಿಡಲಿಲ್ಲ.

“ಎಡಗಣ್ಣ ಬುಟ್ಬುಡನ ಅನ್ಸ್ತದ ಕೂಸು. ಅದ್ರೊಳಗ ಅವ್ವ ಬತ್ತಾಳ.”

ಶ್ವೇತ ನಗಲಿಲ್ಲ. ಚಾಪೆಯ ಮೇಲೆ ಪಕ್ಕದಲ್ಲಿ ಕೂತಳು.

“ನಮ್ಮಪ್ಪ ಮೈಸೂರು ಆಸ್ಪತ್ರೇಲಿದ್ದಾಗ ನಾನು ವರಾಂಡದಲ್ಲಿ ಕೂತಿರ್ತಿದ್ದೆ. ಎದುರಿಗೆ ಇಂಥದೇ ಒಂದು ಪಟ ಇತ್ತು. ಪಕ್ಕದಲ್ಲಿ ದೇವ್ರ ಪಟಾನೂ ಇತ್ತು. ದೇವ್ರನ್ನ ನೋಡಿದ್ರೆ ಏನಾದ್ರೂ ಕೇಳ್ಕೊಬೇಕಾಗೋದು, ಅಪ್ಪನ್ನ ಉಳಿಸು ಅಂತ. ಕೇಳಿ ಕೇಳಿ ಸಾಕಾಗಿತ್ತು ಅತ್ತೆ. ಇದ್ರ ಮುಂದೆ ಏನೂ ಕೇಳೋದಿರ್ಲಿಲ್ಲ. ಸುಮ್ನೆ ಕೂರಬೌದಿತ್ತು.”

“ಅಪ್ಪ ಉಳೀನಿಲ್ಲ.”

“ಇಲ್ಲ.”

ಚನ್ನಮಲ್ಲಮ್ಮ ಬಲಗಣ್ಣಿನ ಮೇಲಿಂದ ಕೈ ತೆಗೆದು ಸೊಸೆಯ ಕಡೆ ತಿರುಗಿದಳು. ಹೇಳುವಾಗ ಆ ಹುಡುಗಿಯ ಕೆಳತುಟಿ ಒಂದು ಪಕ್ಕಕ್ಕೆ ಸೊಟ್ಟಗಾಗುತ್ತಿತ್ತು. ದನಿ ಮಾತ್ರ ಎಂದಿನಂತೆ ಸಮವಾಗಿಯೇ ಇತ್ತು. ದನಿಯನ್ನಷ್ಟೇ ನಂಬಿದ್ದರೆ ಇವಳಿಗೆ ದುಃಖವೇ ಇಲ್ಲ ಅಂದುಕೊಳ್ಳುತ್ತಿದ್ದೆ ಅನ್ನಿಸಿತು ಅವಳಿಗೆ. ಎಷ್ಟು ಸಲ ಹಾಗೆ ಅಂದುಕೊಂಡಿದ್ದೆನೋ. ಮಂಜಿನೊಳಗೆ ಅವ್ವ ಬರುತ್ತಾಳೆ ಸರಿ. ಆದರೆ ಈ ಹುಡುಗಿ ಬರುವುದಿಲ್ಲ.

“ಆ ಡಾಕುಟ್ರಿಗ ಪೋನ್ ಮಾಡು” ಅಂದಳು. “ಎಡಗಣ್ಣೂ ಮಾಡಿಸ್ಬುಡನ.”

ಎಡಗಣ್ಣಿಗೂ ಆಯಿತು. ವಾಪಸು ಬರುವ ದಿನ ಚನ್ನಮಲ್ಲಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಕಾರಿನ ಕಿಟಕಿಯ ಪಕ್ಕ ಕೂತಳು. ಬಣ್ಣಾರಿ ದಾಟಿ ಏರು ಹತ್ತತೊಡಗಿದಾಗ ಒಂದೊಂದು ಬಿದಿರು ಮೆಳೆಯನ್ನೂ, ಒಂದೊಂದು ಕೋತಿಯನ್ನೂ ಶ್ವೇತಳಿಗೆ ತೋರಿಸಿದಳು. ಲಾರಿಗಳ ಹಿಂದೆ ಬರೆದ ಅಕ್ಷರ ಕೂಡಿಸಿ ಓದಿದಳು.

ದಿಂಬಂ ತಲುಪುವ ಹೊತ್ತಿಗೆ ಮಂಜು ಬಿದ್ದಿತ್ತು, ಆ ಕಾಲಕ್ಕೆ ಅಲ್ಲಿ ಬೀಳುವ ದಟ್ಟ ಮಂಜು. ಪ್ರಸಾದ್ ಕಾರನ್ನು ರಸ್ತೆಯ ಪಕ್ಕಕ್ಕೆ ಹಾಕಿ, ಟೀ ಕುಡಿದು ಹೋಗೋಣ ಅಂತ ಮುಂದೆ ಹೋದ. ಎರಡು ಹೆಜ್ಜೆಗೆ ಅವನು ಕಾಣದಾದ. ಅತ್ತೆ ಸೊಸೆ ಇಳಿದರು. ಅಂಗಡಿ ಯಾವ ಕಡೆ, ಕಣಿವೆ ಯಾವ ಕಡೆ, ಒಂದೂ ತಿಳಿಯದು. ಎಲ್ಲಿಂದಲೋ ಲಾರಿಯ ಹಾರನ್ನು ಕೇಳಿತು. ಶ್ವೇತ ನಿಂತಲ್ಲೇ ನಿಂತಳು. ಅವಳ ಉಸಿರು ಜೋರಾಯಿತು.

“ಅತ್ತೆ, ನಂಗೇನೂ ಕಾಣ್ತಿಲ್ಲ. ಭಯ ಆಗ್ತದೆ. ಕಾರೊಳಗೆ ಹೋಗನ.”

“ಎದ್ರುಕಬ್ಯಾಡ. ನನ್ನ ಸೆರಗ ಇಡ್ಕೊ.”

ಚನ್ನಮಲ್ಲಮ್ಮ ಕನ್ನಡಕ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಣ್ಣು ಮುಚ್ಚಿದಳು. ಎಡಗಡೆಯಿಂದ ಕಾಯುವ ಹಾಲಿನ ವಾಸನೆ ಬರುತ್ತಿತ್ತು, ಗ್ಲಾಸು ತೊಳೆಯುವ ಸದ್ದಿತ್ತು. ಬಲಗಡೆಯಿಂದ ಬರುವ ಗಾಳಿ ತಣ್ಣಗೆ, ತಡೆಯಿಲ್ಲದೆ ಬರುತ್ತಿತ್ತು, ಅದು ಕಣಿವೆ. ಕಾಲಿನ ಕೆಳಗೆ ಡಾಂಬರು ಮುಗಿದು ಜಲ್ಲಿ ಸಿಕ್ಕಿತು. ಅವಳು ಅವಸರವಿಲ್ಲದೆ ನಡೆದಳು. ಹಿಂದಿನಿಂದ ಸೆರಗು ಮೊದಮೊದಲು ಬಿಗಿಯಾಗಿ ಎಳೆಯುತ್ತಿತ್ತು, ಆಮೇಲೆ ಸಡಿಲವಾಯಿತು. ಹುಡುಗಿ ನಂಬಿದ್ದಳು.

“ಅತ್ತೆ, ಇಷ್ಟು ದಿನ ನಿಮ್ಗ ಇಂಗೇ ಇತ್ತಾ?”

“ಊ, ಇಂಗೇಯ.”

“ಇಷ್ಟು ಬೆಳ್ಳಗೆ?”

“ಒಂದೊಂದ್ಸಲ ಇನ್ನೂ ಚಂದಾಗಿರದು” ಅಂದಳು ಚನ್ನಮಲ್ಲಮ್ಮ.

ಬಿಸಿ ಹಬೆ ಮುಖಕ್ಕೆ ತಾಗಿತು. ಬೆಂಚಿನ ಅಂಚು ಮೊಣಕಾಲಿಗೆ ಸಿಕ್ಕಿತು. ಅವಳು ಮೊದಲು ಸೊಸೆಯನ್ನು ಕೂರಿಸಿ, ಆಮೇಲೆ ತಾನು ಕೂತು, ಮಂಜಿನೊಳಗೆ ಕಾಣದಿದ್ದ ಅಂಗಡಿಯವನನ್ನು ಕೂಗಿ ಎರಡು ಟೀ ಕೇಳಿದಳು, ಒಂದಕ್ಕೆ ಸಕ್ಕರೆ ಕಮ್ಮಿ.